ಉಳುಕಿದ ಕಾಲಿಗೆ ಟ್ರಮಡಾಲ್ ಬೇಕಿಲ್ಲ

ಮೆಟ್ಟಿಲು ತಪ್ಪಿ ಕಾಲು ಉಳುಕಿದರೆ ಜೀವ ಬಾಯಿಗೆ ಬರುತ್ತದೆ. ಮೆಡಿಕಲ್ ಶಾಪಿಗೆ ಹೋಗಿ ‘ಸ್ಟ್ರಾಂಗ್ ಮಾತ್ರೆ ಕೊಡಿ’ ಎನ್ನುವ ಮೊದಲು ಇಷ್ಟು ಮಾಡಿ.

1. ಎದ್ದು ನಾಲ್ಕು ಹೆಜ್ಜೆ ಇಟ್ಟು ನೋಡಿ. ಆಗದಿದ್ದರೆ, ಅಥವಾ ಪಾದದ ಕೀಲಿನ ಎರಡೂ ಪಕ್ಕ ಉಬ್ಬಿರುವ ಮೂಳೆಯ ಹಿಂಬದಿ ಒತ್ತಿದಾಗ ಚೀರುವಷ್ಟು ನೋವಾದರೆ, ಎಕ್ಸ್-ರೇ ಮಾಡಿಸಿ. ಕೆನಡಾದ ಒಟ್ಟಾವಾ ವೈದ್ಯರು 1992ರಲ್ಲಿ ಕೊಟ್ಟ ಈ ಸರಳ ಪರೀಕ್ಷೆಯನ್ನು ಇಂದಿಗೂ ಆಸ್ಪತ್ರೆಗಳಲ್ಲಿ ಬಳಸುತ್ತಾರೆ.

2. ಐಸ್ ತುಂಡುಗಳನ್ನು ಟವೆಲಿನಲ್ಲಿ ಸುತ್ತಿ 15 ನಿಮಿಷ ಇಡಿ. ಬರಿ ಚರ್ಮಕ್ಕೆ ಬೇಡ. ಮಲಗಿ, ಎರಡು ದಿಂಬಿನ ಮೇಲೆ ಕಾಲಿಡಿ. ಬಾವು ಇಳಿದಷ್ಟೂ ಸೆಳೆತ ಕಡಿಮೆ.

3. ಉಳುಕು ತೆಗೆಸಲು ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಹಿರಿಯರ ಪ್ರೀತಿ ದೊಡ್ಡದು, ಆದರೆ ಒಳಗೆ ಮೂಳೆ ಸೀಳಿದ್ದರೆ ಆ ಕೈಗೆ ಗೊತ್ತಾಗದು.

4. ಡೈಕ್ಲೊಫೆನಾಕ್ ಜೆಲ್ ಹಚ್ಚಿ. ಇಂಥ ಪೆಟ್ಟಿಗೆ ಇದೇ ಮೊದಲ ಮದ್ದಾಗಲಿ ಎಂದು ಅಮೆರಿಕದ ಎರಡು ವೈದ್ಯ ಸಂಘಟನೆಗಳು 2020ರಲ್ಲಿ ಸಲಹೆ ಮಾಡಿದವು. ಗಾಯವಾದ ಚರ್ಮಕ್ಕೆ ಬೇಡ. ಹಚ್ಚಿದ ಮೇಲೆ ಕೈ ತೊಳೆಯಿರಿ.

5. ಸಾಲದಿದ್ದರೆ ಪ್ಯಾರಸಿಟಮಾಲ್. ವಯಸ್ಕರು 650 ಮಿಲಿಗ್ರಾಂ ಮಾತ್ರೆಯನ್ನು ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಮೀರದಂತೆ ತೆಗೆದುಕೊಳ್ಳಬಹುದು. ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತದೆ, ಲೆಕ್ಕಕ್ಕೆ ಸೇರಿಸಿ. ಲಿವರ್ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ನುಂಗಲಿ. ಊಟವಾದ ಮೇಲೆ ಐಬುಪ್ರೊಫೇನ್ 400 ಮಿಲಿಗ್ರಾಂ ಸೇರಿಸಬಹುದು. ಆದರೆ ಹೊಟ್ಟೆ ಹುಣ್ಣು, ಕಿಡ್ನಿ ಅಥವಾ ಹೃದಯದ ಕಾಯಿಲೆ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ, ಗರ್ಭಿಣಿಯರಿಗೆ ಅದು ಬೇಡ. ಡೆಂಗಿ ಶಂಕೆಯ ಜ್ವರವಿದ್ದರಂತೂ ಮುಟ್ಟಲೇಬೇಡಿ. ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೇನ್‌ನ ಈ ಜೋಡಿ ದುರ್ಬಲ ಎಂದುಕೊಳ್ಳಬೇಡಿ. ಕೈಕಾಲು ನೋವೆಂದು ನ್ಯೂಯಾರ್ಕಿನಲ್ಲಿ ತುರ್ತು ಚಿಕಿತ್ಸೆಗೆ ಬಂದ 400ಕ್ಕೂ ಹೆಚ್ಚು ಜನರ ಮೇಲಿನ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕೆಲವರಿಗೆ ಈ ಜೋಡಿ, ಉಳಿದವರಿಗೆ ಅಫೀಮು ವರ್ಗದ ಮಾತ್ರೆ ಕೊಟ್ಟಿದ್ದರು. ಎರಡು ಗಂಟೆ ಕಳೆದ ಮೇಲೆ ನೋವು ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

6. ಎರಡು ಮೂರು ದಿನ ಕಳೆದ ಮೇಲೆ, ನೋವು ತಡೆದಷ್ಟು, ಪಾದ ಆಡಿಸಿ. ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ಕೀಲು ಬಿಗಿಯದು.

7. ಬೆರಳು ತಣ್ಣಗಾಗಿ ನೀಲಿಗಟ್ಟಿದರೆ, ಮರಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತೊಡೆಮೂಳೆ ಮುರಿದವರಿಗೆ ವೈದ್ಯರು ಮಾರ್ಫಿನ್ ಕೊಟ್ಟರೆ ಅದು ಸರಿಯೇ, ಬೇಡವೆನ್ನಬೇಡಿ. ಆದರೆ ಅದೇ ಅಫೀಮು ವರ್ಗದ ನೋವಿನ ಮಾತ್ರೆ ಟ್ರಮಡಾಲ್ 2018ರಿಂದ ನಮ್ಮ ಮಾದಕ ವಸ್ತು ಕಾಯ್ದೆಯಡಿ ಬಂದಿರುವ ಔಷಧಿ. ಮನೆಯ ಡಬ್ಬಿಯಲ್ಲಿ ಯಾರೋ ಉಳಿಸಿದ ಅದರ ಮಾತ್ರೆ ಸಿಕ್ಕರೆ, ದಯವಿಟ್ಟು ಉಳುಕಿಗೆಂದು ನುಂಗಬೇಡಿ.