ಆಷಾಢದಲ್ಲಿ ವ್ರತಾವಲೋಕನ

ಯುಗಾದಿಯಂದು ಕೈಗೊಂಡ ನಿಯಮಗಳನ್ನು ಶ್ರಾವಕನು ಆಷಾಢದ ಅಷ್ಟಾಹ್ನಿಕ ಪರ್ವದಲ್ಲಿ, ಅಂದರೆ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗಿನ 8 ದಿನಗಳಲ್ಲಿ, ಪರಾಮರ್ಶಿಸುವುದು ಉಚಿತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗವನ್ನು ಎರಡಾಗಿ ವಿಂಗಡಿಸಿದ್ದಾರೆ: ಕಾಲಮಿತಿಯುಳ್ಳದ್ದು ನಿಯಮ, ಯಾವಜ್ಜೀವವಾದದ್ದು ಯಮ. ದೇಹಬಲ ಕುಂದಿದವರಿಗೆ ಈ ಭೇದವೇ ದಾರಿದೀಪ. ಅವಧಿ ಮುಗಿದ ನಿಯಮವನ್ನು ಶಕ್ತಿಯರಿತು ಮತ್ತೆ ಸ್ವೀಕರಿಸಬಹುದು. ಅಷ್ಟಮಿ, ಚತುರ್ದಶಿಗಳಂದು ಉಪವಾಸ ಮಾಡಲಾರದವರು ಏಕಭುಕ್ತವನ್ನು ಆಶ್ರಯಿಸಲಿ. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದಲ್ಲವೇ? ಶಕ್ತಿಯನ್ನು ಮೀರುವುದೂ ಸಲ್ಲದು, ಬಚ್ಚಿಡುವುದೂ ಸಲ್ಲದು.

ಸಂಪಿಗೆ ಸೀಮೆಯ ಅಟ್ಟದಲ್ಲಿಟ್ಟ ಕಾಯಿ ಉಂಡೆಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ನಡುವೆ ಕುಲುಕಿ ಪರೀಕ್ಷಿಸುವರೇ ಹೊರತು ಒಡೆಯರು. ಅಂತೆಯೇ ಅವಧಿ ಮುಗಿಯದ ವ್ರತವು ಕಷ್ಟವೆನಿಸಿದರೆ ತಾನಾಗಿ ಬಿಡದೆ, ಗುರುಗಳಲ್ಲಿ ನಿವೇದಿಸಿ ಅವರ ಆದೇಶದಂತೆ ನಡೆಯತಕ್ಕದ್ದು.