ವಿಮಾನ ಹತ್ತುವ ಮೂರು ತಿಂಗಳ ಮೊದಲು

"ಡಾಕ್ಟ್ರೇ, ನಾಡಿದ್ದು ಫ್ಲೈಟು. ಒಂದು ವರ್ಷಕ್ಕೆ ಆಗುವಷ್ಟು ಮಾತ್ರೆ ಬರೆದುಕೊಡಿ."

ಮಂಗಳೂರಿನಲ್ಲಿ ಸ್ತ್ರೀರೋಗ ತಜ್ಞೆಯಾಗಿ ಇಪ್ಪತ್ತು ವರ್ಷ ದಾಟಿತು. ಈ ಮಾತು ಕೇಳದ ತಿಂಗಳಿಲ್ಲ. ಕುವೈತ್, ದುಬೈಗೆ ಹೊರಟ ನರ್ಸುಗಳು, ಜರ್ಮನ್ ಭಾಷೆಯ ಪರೀಕ್ಷೆ ಪಾಸು ಮಾಡಿಕೊಂಡ ಹುಡುಗಿಯರು, ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟವರು, ಗಂಡನ ವೀಸಾದ ಮೇಲೆ ಹೋಗುವ ಹೊಸ ಮದುಮಗಳಂದಿರು, ಎಲ್ಲರೂ ಉಪ್ಪಿನಕಾಯಿಯ ಭರಣಿ ಸೋರದಂತೆ ಕಟ್ಟುವುದು ಹೇಗೆಂದು ವಾರಗಟ್ಟಲೆ ಯೋಚಿಸಿರುತ್ತಾರೆ. ಗರ್ಭನಿರೋಧಕದ ನೆನಪು ಬರುವುದು ಕೊನೆಯ ಎರಡು ದಿನ ಇರುವಾಗ.

ಇದು ಅವರ ತಪ್ಪೆಂದು ನಾನು ಹೇಳಲಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಅಮ್ಮನಿಗೆ ಗೊತ್ತಿರುವುದು 'ಆಪರೇಷನ್' ಒಂದೇ. ಮಗಳಿಗೆ ಬೇಕಿರುವುದು ಬೇರೆ, ಅದನ್ನು ಹೇಳಿಕೊಡುವವರು ಮನೆಯಲ್ಲಿಲ್ಲ. ದೂರ ಹೋಗುವವಳಿಗೆ ನೆನಪು, ಗಡಿಯಾರ, ಔಷಧಿ ಅಂಗಡಿ ಈ ಮೂರರ ಹಂಗು ಕಡಿಮೆ ಇರುವ ವಿಧಾನ ಬೇಕು. ಅದು ತನ್ನ ಮೈಗೆ ಒಗ್ಗುತ್ತದೆಯೇ ಎಂದು ಊರಿನಲ್ಲಿರುವಾಗಲೇ ಗೊತ್ತಾಗಬೇಕು. ನಾನು ಕಲಿತ ಪಾಠಗಳೆಲ್ಲ ಇಲ್ಲಿಗೇ ಬಂದು ನಿಲ್ಲುತ್ತವೆ.

1. ಮೂರು ತಿಂಗಳು ಮೊದಲೇ ಬನ್ನಿ

ಈ ಪಾಠ ಕಲಿತದ್ದು ನನ್ನದೇ ತಪ್ಪಿನಿಂದ. ಬಹಳ ವರ್ಷಗಳ ಹಿಂದೆ, ಹೊರಡಲು ಒಂದು ವಾರವಿದ್ದ ನರ್ಸ್ ಒಬ್ಬರಿಗೆ ಕಾಪರ್-ಟಿ ಹಾಕಿ ಕಳಿಸಿದೆ. ಒಂದೂವರೆ ತಿಂಗಳ ಮೇಲೆ ಕೊಲ್ಲಿಯಿಂದ ಫೋನು: "ಡಾಕ್ಟ್ರೇ, ದಾರ ಕೈಗೆ ಸಿಗುತ್ತಿಲ್ಲ." ಕೆಲಸಕ್ಕೆ ಸೇರಿ ಇನ್ನೂ ರಜೆ ಸಿಗುವಂತಿರಲಿಲ್ಲ, ಸ್ಕ್ಯಾನಿಂಗಿಗೆ ಯಾರ ಬಳಿ ಹೋಗಬೇಕೆಂದು ಗೊತ್ತಿರಲಿಲ್ಲ. ಕೊನೆಗೂ ಸ್ಕ್ಯಾನ್ ಆದಾಗ ಕಾಪರ್-ಟಿ ಜಾರಿಬಿದ್ದು ಹೋಗಿದ್ದು ತಿಳಿಯಿತು. ಅದೃಷ್ಟಕ್ಕೆ ಗರ್ಭ ನಿಂತಿರಲಿಲ್ಲ.

ಕಾಪರ್-ಟಿ ಜಾರುವ ಸಂಭವ ಮೊದಲ ಕೆಲವು ತಿಂಗಳಲ್ಲೇ ಹೆಚ್ಚು. ಮಾತ್ರೆಯ ವಾಕರಿಕೆ, ಇಂಪ್ಲಾಂಟ್‌ನ ಅನಿಯಮಿತ ರಕ್ತಸ್ರಾವ ಕಾಣಿಸಿಕೊಳ್ಳುವುದೂ ಆಗಲೇ. ಆ ಮೂರು ತಿಂಗಳನ್ನು ಪರಿಚಯದ ವೈದ್ಯರು ಕೈಗೆಟಕುವ ದೂರದಲ್ಲಿರುವಾಗ ಕಳೆಯಿರಿ. ಹೊಸ ಚಪ್ಪಲಿ ಹಾಕಿಕೊಂಡು ಯಾರೂ ತಿರುಪತಿ ಬೆಟ್ಟ ಹತ್ತುವುದಿಲ್ಲ.

2. 'ಎಷ್ಟು ವರ್ಷ?' ಎಂಬುದೇ ಮೊದಲ ಪ್ರಶ್ನೆ

ಯಾವ ದೇಶ ಎಂದು ಕೇಳುವ ಮೊದಲು ಎಷ್ಟು ಕಾಲ ಇರುತ್ತೀರಿ, ಮಗು ಯಾವಾಗ ಬೇಕು ಎಂದು ಕೇಳುತ್ತೇನೆ. ಎರಡು ವರ್ಷಕ್ಕಿಂತ ಹೆಚ್ಚು ಇರುವವರಿಗೆ, ಒಮ್ಮೆ ಹಾಕಿಸಿಕೊಂಡು ಮರೆಯಬಹುದಾದ ವಿಧಾನಗಳನ್ನೇ ಮೊದಲು ಮುಂದಿಡುತ್ತೇನೆ. ಕಾಪರ್-ಟಿ 380ಎ ಹತ್ತು ವರ್ಷ, ಕಾಪರ್ 375 ಐದು ವರ್ಷ ಕೆಲಸ ಮಾಡುತ್ತವೆ. ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹಾರ್ಮೋನ್ ಇರುವ ಗರ್ಭಾಶಯ ಸಾಧನ ಕನಿಷ್ಠ ಐದು ವರ್ಷ, ತೋಳಿನ ಚರ್ಮದಡಿ ಇಡುವ ಬೆಂಕಿಕಡ್ಡಿಯಷ್ಟು ಉದ್ದದ ಇಂಪ್ಲಾಂಟ್ ಮೂರು ವರ್ಷ. ಇವನ್ನು ಬಳಸುವ ನೂರು ಹೆಂಗಸರಲ್ಲಿ ವರ್ಷಕ್ಕೆ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ತೆಗೆಸಿದ ಮೇಲೆ ಗರ್ಭಧಾರಣೆಯ ಶಕ್ತಿ ಬೇಗ ಮರಳುತ್ತದೆ.

ನನ್ನ ಮೇಜಿನ ಡ್ರಾಯರಿನಲ್ಲಿ ತೋರಿಸಲೆಂದೇ ಒಂದು ಕಾಪರ್-ಟಿ ಇದೆ. ಕೇಳಿದವರ ಅಂಗೈ ಮೇಲೆ ಇಡುತ್ತೇನೆ. ಉದ್ದ 36 ಮಿಲಿಮೀಟರ್, ಅಗಲ 32. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಸುತ್ತಿದ ಕೆಂಪು ತಾಮ್ರದ ತಂತಿ, ತುದಿಯಲ್ಲಿ ಎಳೆ ದಾರ. "ಇಷ್ಟೇಯಾ?" ಎನ್ನುತ್ತಾರೆ. ಮರುಕ್ಷಣವೇ ತಪ್ಪದೆ ಬರುವ ಪ್ರಶ್ನೆ: "ಏರ್‌ಪೋರ್ಟಿನಲ್ಲಿ ಬೀಪ್ ಎನ್ನುವುದಿಲ್ಲವಾ?" ಇಲ್ಲ. ಅಷ್ಟು ಚೂರು ತಾಮ್ರಕ್ಕೆ ಆ ಯಂತ್ರ ಕೂಗುವುದಿಲ್ಲ.

ಒಂದು ಎಚ್ಚರಿಕೆ. ಕಾಪರ್-ಟಿಯಿಂದ ಮೊದಲ ತಿಂಗಳುಗಳಲ್ಲಿ ಮುಟ್ಟಿನ ಸ್ರಾವ, ನೋವು ಹೆಚ್ಚಬಹುದು. ಮೊದಲೇ ರಕ್ತಹೀನತೆ ಇದ್ದವರಿಗೆ ಹಾರ್ಮೋನ್ ಸಾಧನ ಲೇಸು, ಅದರಿಂದ ಸ್ರಾವ ಕಡಿಮೆಯಾಗುತ್ತದೆ. ಹಾಕಿದ ದಿನಾಂಕ, ಸಾಧನದ ಹೆಸರು, ತೆಗೆಯಬೇಕಾದ ವರ್ಷ ಬರೆದ ಕಾರ್ಡನ್ನು ಪಾಸ್‌ಪೋರ್ಟಿನ ಜತೆಗೇ ಇಡಿ.

3. ಮಾತ್ರೆ ನುಂಗುವವರು ಗಡಿಯಾರದ ಲೆಕ್ಕ ಕಲಿಯಬೇಕು

ಮಂಗಳೂರಿನಲ್ಲಿ ರಾತ್ರಿ ಒಂಬತ್ತಕ್ಕೆ ಮಾತ್ರೆ ನುಂಗುವವಳು ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋದಳೆನ್ನಿ. ಇಲ್ಲಿನ ರಾತ್ರಿ ಒಂಬತ್ತು ಅಲ್ಲಿನ ಬೆಳಗ್ಗೆ ಹತ್ತೂವರೆ. ಅಲ್ಲಿ ರಾತ್ರಿ ಒಂಬತ್ತಾಗಲಿ ಎಂದು ಕಾದರೆ ಎರಡು ಮಾತ್ರೆಗಳ ನಡುವೆ 34 ಗಂಟೆ 30 ನಿಮಿಷದ ಅಂತರ ಬೀಳುತ್ತದೆ. ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನ್ ಇರುವ ಮಾಮೂಲಿ ಮಾತ್ರೆ ಇದನ್ನು ತಡೆದುಕೊಳ್ಳುತ್ತದೆ. ಪ್ರೊಜೆಸ್ಟಿನ್ ಒಂದೇ ಇರುವ ಮಾತ್ರೆಗಳಲ್ಲಿ ಡೆಸೊಜೆಸ್ಟ್ರೆಲ್ ಹನ್ನೆರಡು ಗಂಟೆಯ ತಡವನ್ನಷ್ಟೇ ಸಹಿಸುತ್ತದೆ, ಹಳೆಯ ಬಗೆಯವು ಮೂರೇ ಗಂಟೆ.

ಉಪಾಯ ಸುಲಭ. ಮಾತ್ರೆಯನ್ನು ಕೆಲವು ಗಂಟೆ ಮೊದಲೇ ನುಂಗಿದರೆ ತೊಂದರೆಯಿಲ್ಲ, ತಡವಾದರೆ ತೊಂದರೆ. ಮೊಬೈಲಿನಲ್ಲಿ ಊರಿನ ಸಮಯಕ್ಕೇ ಅಲಾರಂ ಇಟ್ಟುಕೊಳ್ಳಿ. ಅಲ್ಲಿನ ದಿನಚರಿಗೆ ಹೊಂದಿಕೊಂಡ ಮೇಲೆ ಅನುಕೂಲದ ಹೊತ್ತಿಗೆ ಬದಲಾಯಿಸುವಾಗ, ಹಿಂದಿನ ಮಾತ್ರೆಯಿಂದ 24 ಗಂಟೆ ದಾಟದಂತೆ ನೋಡಿಕೊಳ್ಳಿ. ಪಾಳಿ ಕೆಲಸದ ನರ್ಸುಗಳಿಗಂತೂ ನಾನು ಮಾತ್ರೆಗಿಂತ ಬೇರೆಯದನ್ನೇ ಸೂಚಿಸುತ್ತೇನೆ.

ಹೊಟ್ಟೆ ಕೆಟ್ಟಾಗಲೂ ಜಾಗ್ರತೆ ಬೇಕು. ಮಾತ್ರೆ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಿ. ಜೋರು ಭೇದಿ ಒಂದು ದಿನಕ್ಕಿಂತ ಹೆಚ್ಚು ಇದ್ದರೆ ಆ ದಿನಗಳ ಮಾತ್ರೆ ತಪ್ಪಿದಂತೆಯೇ ಲೆಕ್ಕ. ಅಷ್ಟು ದಿನವೂ, ಚೇತರಿಸಿಕೊಂಡ ಮೇಲೆ ಏಳು ದಿನವೂ ಕಾಂಡೋಮ್ ಇರಲಿ.

4. ಗೆಳತಿಗೆ ಒಗ್ಗಿದ್ದು ನಿಮಗೆ ಒಗ್ಗಬೇಕೆಂದಿಲ್ಲ

ತಲೆನೋವಿಗೆ ಮೊದಲು ಕಣ್ಣ ಮುಂದೆ ಮಿಂಚಿನ ಗೆರೆಗಳು ಕಾಣುವ ಮೈಗ್ರೇನ್ ಇದ್ದವರು, ಬಿಪಿ ಇದ್ದವರು, ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದವರು, 35 ದಾಟಿ ಸಿಗರೇಟು ಸೇದುವವರು ಈಸ್ಟ್ರೋಜೆನ್ ಇರುವ ಮಾತ್ರೆ ನುಂಗಬಾರದು. ಆ ಮಾತ್ರೆ ರಕ್ತ ಹೆಪ್ಪುಗಟ್ಟುವ ಸಂಭವವನ್ನು ಸ್ವಲ್ಪ ಹೆಚ್ಚಿಸುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂರುವ ಪ್ರಯಾಣವೂ ಹೆಚ್ಚಿಸುತ್ತದೆ. ಆರೋಗ್ಯವಂತರು ಹೆದರಬೇಕಾಗಿಲ್ಲ. ವಿಮಾನದಲ್ಲಿ ಆಗಾಗ ಎದ್ದು ನಡೆಯಿರಿ, ನೀರು ಕುಡಿಯಿರಿ. ಒಂದು ಮೀನಖಂಡ ಮಾತ್ರ ಊದಿ ನೋಯತೊಡಗಿದರೆ ಅಥವಾ ಏಕಾಏಕಿ ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಟಿ.ಬಿ.ಗೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಇವು ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತವೆ, ಇಂಪ್ಲಾಂಟ್‌ನ ಬಲವನ್ನೂ ಕುಗ್ಗಿಸುತ್ತವೆ. ಕಾಪರ್-ಟಿಗೆ ಇವುಗಳಿಂದ ಏನೂ ಆಗದು. ನುಂಗುತ್ತಿರುವ ಔಷಧಿಗಳನ್ನೆಲ್ಲ ನಿಮ್ಮ ವೈದ್ಯರ ಮುಂದೆ ಒಮ್ಮೆ ಹರಡಿ.

5. ನಮ್ಮೂರ ಹೆಸರು ಅಲ್ಲಿ ನಡೆಯದು

ವಾರಕ್ಕೊಂದು ನುಂಗುವ 'ಸಹೇಲಿ', ಸರ್ಕಾರ ಉಚಿತವಾಗಿ ಕೊಡುವ 'ಛಾಯಾ' ಎರಡೂ ಒಂದೇ ಔಷಧಿ, ಸೆಂಟ್‌ಕ್ರೋಮನ್. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದದ್ದು, ಹಾರ್ಮೋನ್ ಇಲ್ಲದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಒಂದು. ಎಷ್ಟೋ ಮಂದಿಗೆ ಇದು ಒಗ್ಗುತ್ತದೆ. ಆದರೆ ಜರ್ಮನಿ, ಅಮೆರಿಕದ ಔಷಧಿ ಅಂಗಡಿಯಲ್ಲಿ ಇದು ಸಿಗದು. ದಾಸ್ತಾನು ಮುಗಿದ ದಿನ ದಾರಿಯೇ ಮುಗಿದಂತೆ. 'ಮಾಲಾ-ಎನ್' ಹಾಗಲ್ಲ. ಅದರಲ್ಲಿರುವ ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಈಸ್ಟ್ರಡಯಾಲ್ 0.03 ಮಿಲಿಗ್ರಾಂ ಎಂಬ ಹೆಸರು, ಅಳತೆ ಚೀಟಿಯಲ್ಲಿದ್ದರೆ ಅದೇ ಮಾತ್ರೆ ಹಲವು ದೇಶಗಳಲ್ಲಿ ಬೇರೆ ಹೆಸರಿನಲ್ಲಿ ಸಿಗುತ್ತದೆ. ಆದ್ದರಿಂದ ಕಂಪನಿಯ ಹೆಸರಿನ ಕೆಳಗೆ ಔಷಧಿಯ ಹೆಸರನ್ನೂ ಬರೆಸಿಕೊಳ್ಳಿ.

ವರ್ಷದ ಮಾತ್ರೆ ಒಟ್ಟಿಗೆ ಒಯ್ಯಲು ಎಲ್ಲ ದೇಶವೂ ಬಿಡುವುದಿಲ್ಲ. ಜಪಾನಿಗೆ ಮುಂಚಿತ ಅನುಮತಿ ಇಲ್ಲದೆ ವೈದ್ಯರ ಚೀಟಿಯ ಔಷಧಿಯನ್ನು ಒಂದು ತಿಂಗಳಿಗಾಗುವಷ್ಟೇ ಒಯ್ಯಬಹುದು. ಮಾತ್ರೆ ಸ್ಟ್ರಿಪ್ಪಿನಲ್ಲೇ ಇರಲಿ, ಚೀಟಿಯ ಜತೆ ಕೈಚೀಲದಲ್ಲಿರಲಿ.

ಅಲ್ಲಿಯ ವ್ಯವಸ್ಥೆಯನ್ನೂ ತಿಳಿದುಕೊಳ್ಳಿ. ಬ್ರಿಟನ್ನಿಗೆ ಓದಲು ಹೋಗುವವರು ವೀಸಾದ ಜತೆಗೇ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಗರ್ಭನಿರೋಧಕ ಉಚಿತ. ಜರ್ಮನಿಯಲ್ಲಿ ಮಾತ್ರೆಗೆ ವೈದ್ಯರ ಚೀಟಿ ಬೇಕು, 22 ತುಂಬಿದವರು ಸಾಮಾನ್ಯವಾಗಿ ಸ್ವಂತ ದುಡ್ಡು ಕೊಡಬೇಕು. ಅಮೆರಿಕದಲ್ಲಿ 'ಓಪಿಲ್' ಎಂಬ ಗರ್ಭನಿರೋಧಕ ಮಾತ್ರೆ 2024ರಿಂದ ಚೀಟಿಯಿಲ್ಲದೆ ಸಿಗುತ್ತಿದೆ. ಆದರೆ ಅದು ಮೂರು ಗಂಟೆಯ ತಡವನ್ನಷ್ಟೇ ಸಹಿಸುವ ಬಗೆ.

6. ಇಂಜೆಕ್ಷನ್ ಹೊತ್ತಿಗೆ ಎಲ್ಲಿರುತ್ತೀರಿ?

ಸರ್ಕಾರದ 'ಅಂತರಾ' ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ. ಮುಂದಿನ ಡೋಸ್ ಎರಡು ವಾರ ಮೊದಲೂ ತೆಗೆದುಕೊಳ್ಳಬಹುದು, ನಾಲ್ಕು ವಾರದವರೆಗೆ ತಡವಾದರೂ ನಡೆಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆರು ತಿಂಗಳ ಪ್ರವಾಸಕ್ಕೆ ಇದು ಅನುಕೂಲ, ಹೊರಡುವಾಗ ಒಂದು, ಅಲ್ಲಿ ಒಂದು. ಆದರೆ ಬಿಟ್ಟ ಮೇಲೆ ಗರ್ಭ ನಿಲ್ಲಲು ಹಲವು ತಿಂಗಳು ಹಿಡಿಯುತ್ತದೆ. ಮರಳಿದ ಕೂಡಲೇ ಮಗು ಬೇಕೆನ್ನುವವರು ಇದನ್ನು ಆರಿಸಬೇಡಿ.

7. ಊರಿನಲ್ಲಿ ಉಳಿದವಳನ್ನು ಮರೆಯಬೇಡಿ

ನಮ್ಮ ಕಡೆ ಗಂಡ ಹಡಗಿನಲ್ಲೋ ಸೌದಿಯಲ್ಲೋ ಇದ್ದು ವರ್ಷಕ್ಕೊಮ್ಮೆ ಬರುವ ಮನೆಗಳು ಸಾವಿರ. "ಅವರು ಬರುವುದೇ ಒಂದು ತಿಂಗಳಿಗೆ, ಅದಕ್ಕೆ ಯಾಕೆ ಡಾಕ್ಟ್ರೇ?" ಎಂದವರು ಆ ಒಂದೇ ತಿಂಗಳಲ್ಲಿ ಬಸಿರಾಗಿ, ಗಂಡ ಹೊರಟುಹೋದ ಮೇಲೆ ಒಬ್ಬರೇ ನನ್ನ ಮುಂದೆ ಕೂತು ಅತ್ತದ್ದನ್ನು ನೋಡಿದ್ದೇನೆ. ಗಂಡನ ಟಿಕೆಟ್ ಬುಕ್ ಆದ ದಿನವೇ ವೈದ್ಯರನ್ನು ಕಾಣಿ. ಮುಟ್ಟಿನ ಮೊದಲ ಐದು ದಿನದೊಳಗೆ ಶುರುಮಾಡಿದ ಮಾಮೂಲಿ ಮಾತ್ರೆ ಅಂದಿನಿಂದಲೇ ರಕ್ಷಣೆ ಕೊಡುತ್ತದೆ. ಆಮೇಲೆ ಶುರುಮಾಡಿದರೆ ಏಳು ದಿನ ಕಾಯಬೇಕು. ಮಕ್ಕಳು ಸಾಕೆಂದವರಲ್ಲಿ ಗಂಡಸರಿಗೂ ಒಂದು ಮಾತು: ವ್ಯಾಸೆಕ್ಟಮಿ ಚಿಕ್ಕ ಆಪರೇಷನ್. ರಕ್ಷಣೆ ಸಿಗಲು ಮೂರು ತಿಂಗಳು ಬೇಕು, ಅದಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

8. ಏನೇ ಆರಿಸಿದರೂ ಎರಡು ವಸ್ತು ಚೀಲದಲ್ಲಿರಲಿ

ಒಂದು ಕಾಂಡೋಮ್. ಎಚ್‌ಐವಿ ಮತ್ತಿತರ ಲೈಂಗಿಕ ರೋಗಗಳನ್ನು ಮಾತ್ರೆಯಾಗಲಿ ಕಾಪರ್-ಟಿಯಾಗಲಿ ತಡೆಯದು. ಕೊಲ್ಲಿಯ ಬೇಸಿಗೆಯಲ್ಲಿ ಅದನ್ನು ಕಾರಿನಲ್ಲಿ ಬಿಡಬೇಡಿ, ಬಿಸಿಗೆ ರಬ್ಬರ್ ಕೆಡುತ್ತದೆ. ತೆಂಗಿನೆಣ್ಣೆ ಹಚ್ಚಲೇಬೇಡಿ, ಎಣ್ಣೆ ತಾಗಿದರೆ ಹರಿಯುತ್ತದೆ.

ಇನ್ನೊಂದು ತುರ್ತು ಮಾತ್ರೆ, ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ. ರಕ್ಷಣೆಯಿಲ್ಲದ ಸಂಭೋಗವಾಗಿ 72 ಗಂಟೆಯೊಳಗೆ, ಬೇಗ ನುಂಗಿದಷ್ಟೂ ಒಳ್ಳೆಯದು. ಐದು ದಿನದೊಳಗೆ ಹಾಕಿಸಿದ ಕಾಪರ್-ಟಿ ಅದಕ್ಕಿಂತ ಪರಿಣಾಮಕಾರಿ. ತುರ್ತಿನ ಮಾತ್ರೆ ತುರ್ತಿಗೆ ಮಾತ್ರ, ಪ್ರತಿ ತಿಂಗಳಿಗಲ್ಲ.

9. ಗಡಿ ದಾಟಿದರೆ ಕಾನೂನೂ ಬದಲಾಗುತ್ತದೆ

ನಮ್ಮಲ್ಲಿ 1971ರಿಂದ ಗರ್ಭಪಾತಕ್ಕೆ ಕಾನೂನಿನ ಆಸರೆ ಇದೆ. ಗರ್ಭನಿರೋಧಕ ಕೈಕೊಟ್ಟಾಗ ಮದುವೆಯಾಗದವರಿಗೂ ಈ ಸೌಲಭ್ಯ ಉಂಟೆಂದು 2021ರ ತಿದ್ದುಪಡಿ ಸ್ಪಷ್ಟಪಡಿಸಿತು. ಕನ್ನಡಿಗರು ಬಹಳ ಮಂದಿ ಇರುವ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳು ಇರುವುದು ಟೆಕ್ಸಾಸಿನಲ್ಲಿ. ಅಮೆರಿಕದ ಸುಪ್ರೀಂ ಕೋರ್ಟಿನ 2022ರ ತೀರ್ಪಿನ ನಂತರ ಅಲ್ಲಿ ಗರ್ಭಪಾತಕ್ಕೆ ಬಹುತೇಕ ಪೂರ್ತಿ ನಿಷೇಧವಿದೆ. ಅಂಥ ಕಡೆ ಹೋಗುವವರು ಅತ್ಯಂತ ಭದ್ರವಾದ ವಿಧಾನವನ್ನೇ ಆರಿಸಿ.

10. ಮದುವೆ ಆಗಿದೆಯಾ ಎಂದು ಕೇಳುವುದನ್ನು ನಾನು ಬಿಟ್ಟೆ

ಒಂದು ಕಾಲಕ್ಕೆ ಅದು ನನ್ನ ಮೊದಲ ಪ್ರಶ್ನೆಯಾಗಿತ್ತು. ಆ ಪ್ರಶ್ನೆಗೆ ತಲೆ ತಗ್ಗಿಸಿದ ಹುಡುಗಿ ಆಮೇಲೆ ತನ್ನ ಮೈಗ್ರೇನ್ ಬಗ್ಗೆಯೂ ಹೇಳುವುದಿಲ್ಲ, ಹಿಂದೆ ನುಂಗಿದ ತುರ್ತು ಮಾತ್ರೆಗಳ ಬಗ್ಗೆಯೂ ಹೇಳುವುದಿಲ್ಲ. ಹೊರಟುಹೋಗುತ್ತಾಳೆ ಅಷ್ಟೆ, ಅರ್ಧ ಚಿಕಿತ್ಸೆ ಹೊತ್ತುಕೊಂಡು.

ಕಳೆದ ಮಳೆಗಾಲದಲ್ಲಿ ತಾಯಿ ಮಗಳು ಬಂದಿದ್ದರು. ಮಗಳು ನರ್ಸ್, ಜರ್ಮನಿಗೆ ಹೊರಡಲು ನಾಲ್ಕು ತಿಂಗಳಿತ್ತು. ತಾಯಿಗೆ ಎರಡನೇ ಹೆರಿಗೆಯಾದಾಗ ಆಪರೇಷನ್ ಮಾಡಿದವಳು ನಾನೇ. "ಆಗ ನನಗೆ ಬೇರೆ ಏನೂ ಗೊತ್ತಿರಲಿಲ್ಲ ಡಾಕ್ಟ್ರೇ, ನೀವೂ ಹೇಳಲಿಲ್ಲ," ಎಂದರು, ಆಕ್ಷೇಪದ ಧ್ವನಿಯಿರಲಿಲ್ಲ. "ಇವಳಿಗೆ ಎಲ್ಲವನ್ನೂ ತೋರಿಸಿ. ನಾನು ಹೊರಗೆ ಕೂತಿರುತ್ತೇನೆ."

ಬಾಗಿಲು ಮುಚ್ಚಿತು. ಡ್ರಾಯರ್ ತೆರೆದು ಒಂದೊಂದನ್ನೇ ಮೇಜಿನ ಮೇಲೆ ಇಡುತ್ತ ಬಂದೆ. ಹುಡುಗಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.