ಅಂಕೋರ್ ನೋಡಹೊರಟವರಿಗೊಂದು ಕಿವಿಮಾತು

ಕಾಂಬೋಡಿಯಾದ ಸಿಯೆಮ್ ರೀಪ್ ಪಟ್ಟಣಕ್ಕೆ ಎರಡು ಮೂರು ದಿನಗಳ ಮಟ್ಟಿಗೆ ಹೋಗುವವರು ಸಿಕ್ಕಷ್ಟೂ ಗುಡಿಗಳನ್ನು ಸುತ್ತುವ ಆತುರವನ್ನು ಬಿಟ್ಟು, 12ನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮನು ವಿಷ್ಣುವಿಗಾಗಿ ಕಟ್ಟಿಸಿದ ಅಂಕೋರ್ ವಾಟ್‌ಗೆ ಒಂದು ಇಡೀ ಬೆಳಗನ್ನು ಮೀಸಲಿಡುವುದು ಲೇಸು. ಇದರ ಮೊಗಸಾಲೆಗಳ ಉಬ್ಬುಶಿಲ್ಪಗಳು, ಎಂದರೆ ಗೋಡೆಯಿಂದ ತುಸುವೇ ಮೇಲೆದ್ದಂತೆ ಕಡೆದ ಚಿತ್ರಗಳು, ಅಪ್ರದಕ್ಷಿಣವಾಗಿ ಸಾಗುವುದರಿಂದ, ನಮ್ಮ ದೇವಾಲಯಗಳ ರೂಢಿಯಂತೆ ಬಲಸುತ್ತು ಹಾಕದೆ ಪಶ್ಚಿಮದ ಕುರುಕ್ಷೇತ್ರ ಯುದ್ಧದಿಂದ ಎಡಸುತ್ತಾಗಿ ನಡೆಯಬೇಕು. ಪೂರ್ವದ ಮೊಗಸಾಲೆಯಲ್ಲಿ ಸುಮಾರು 49 ಮೀಟರ್ ಉದ್ದಕ್ಕೆ ಹರಡಿರುವ ಸಮುದ್ರಮಥನದ ಮುಂದೆ, ವಾಸುಕಿಯನ್ನು ಎಳೆಯುವ ದೇವಾಸುರರನ್ನಷ್ಟೇ ಕಂಡು ಮುಂದೆ ಸರಿಯದೆ, ಕಡೆಗೋಲಾದ ಮಂದರಪರ್ವತದ ಬುಡದಲ್ಲಿ ನೀರಿನ ಸೆಳೆತಕ್ಕೆ ಸಿಕ್ಕಿ ತುಂಡಾಗಿರುವ ಮೀನು, ಮೊಸಳೆಗಳನ್ನು ಬಾಗಿ ನೋಡಬೇಕು. ಶಿಲ್ಪಿಯ ಅಸಾಧಾರಣ ಕಲ್ಪನಾಶಕ್ತಿ ಪ್ರಕಟವಾಗುವುದು ಅಲ್ಲಿಯೇ. ವಿಷ್ಣುವಿಗಾಗಿ ಕಟ್ಟಿದ್ದರೂ ಇಂದು ಬೌದ್ಧರ ಪೂಜಾಸ್ಥಳವಾಗಿರುವ ಈ ಗುಡಿಗೆ ಭುಜ ಮತ್ತು ಮೊಣಕಾಲುಗಳು ಮುಚ್ಚುವಂತೆ ಉಡುಪು ಧರಿಸಿ ಹೋಗುವುದು ಅವಶ್ಯ.